ಉಪ್ಪು ಅರ್ಧ ಮಾಡಿದರೆ ಸಾಲದು: ಕಡಿಮೆ ಉಪ್ಪಿನ ಟೊಮೆಟೊ ತೊಕ್ಕು ಹೀಗೆ ಮಾಡಿ

ಅಪ್ಪನಿಗೆ ಬಿಪಿ ಇದೆ ಅಂತ ಗೊತ್ತಾದ ವಾರವೇ ಅಮ್ಮ ತೊಕ್ಕಿನ ಉಪ್ಪನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದೆಲ್ಲ ಎಂದಿನಂತೆ. ಅದೇ ಟೊಮೆಟೊ, ಅದೇ ಮೆಂತ್ಯ, ಅದೇ ಜಾಡಿ, ಅಡುಗೆಮನೆ ಕಟ್ಟೆಯ ಮೇಲೆ ಅದೇ ಜಾಗ. ಮೊದಲ ದಿನವೇ ಅಪ್ಪ "ಯಾಕೋ ಕಹಿ ಬರ್ತಿದೆ ಕಣೇ" ಅಂದರು. ಒಂಬತ್ತನೇ ದಿನ ಮುಚ್ಚಳ ತೆಗೆದರೆ ಜಾಡಿಯ ಅಂಚಿಗೆ ಬಿಳಿ ಬೂಷ್ಟು. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನನ್ನ ಗೆಳತಿಯ ಮನೆಯಲ್ಲಿ ಇದೇ ಕಥೆ ನೋಡಿದೆ. ಎಲ್ಲರೂ ಕೊನೆಗೆ ಒಂದೇ ಮಾತು ಹೇಳುತ್ತಾರೆ: ಉಪ್ಪಿಲ್ಲದಿದ್ದರೆ ತೊಕ್ಕು ಆಗಲ್ಲ ಬಿಡಿ. ಆಗುತ್ತದೆ. ಉಪ್ಪು ಕಡಿಮೆ ಮಾಡಿದ ಮೇಲೆ ಬೇರೆ ಕೆಲವನ್ನೂ ಬದಲಾಯಿಸಬೇಕು, ಅಷ್ಟೇ.

ತೊಕ್ಕಿನಲ್ಲಿ ಉಪ್ಪು ಮೂರು ಕೆಲಸ ಮಾಡುತ್ತದೆ. ರುಚಿ ಕೊಡುತ್ತದೆ, ಮೆಂತ್ಯದ ಕಹಿಯನ್ನು ಅಡಗಿಸುತ್ತದೆ, ಬೂಷ್ಟು ಬೆಳೆಯಲು ಬೇಕಾದ ನೀರು ಅದಕ್ಕೆ ಸಿಗದಂತೆ ತಡೆಯುತ್ತದೆ. ಉಪ್ಪು ತೆಗೆದರೆ ಈ ಮೂರಕ್ಕೂ ಬೇರೆ ದಾರಿ ಹುಡುಕಬೇಕು. ಅಮ್ಮನ ತೊಕ್ಕು ಕಹಿಯಾಗಿದ್ದೂ ಬೂಷ್ಟು ಹಿಡಿದದ್ದೂ ಇದಕ್ಕೇ.

ಮೊದಲು ಲೆಕ್ಕ ನೋಡಿ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನ, ಸಾರು, ಪಲ್ಯ, ಬಿಸ್ಕತ್ತು ಎಲ್ಲ ಸೇರಿ. ನಮ್ಮ ಮನೆಯ ಹಳೆ ಅಳತೆಯಲ್ಲಿ 1 ಕೆಜಿ ಟೊಮೆಟೊಗೆ ಸುಮಾರು 35 ಗ್ರಾಂ ಉಪ್ಪು ಬೀಳುತ್ತಿತ್ತು. ಕುದಿದು ಇಳಿದಾಗ ತೊಕ್ಕು 400 ಗ್ರಾಂ ಚಿಲ್ಲರೆ. ಅಂದರೆ 15 ಗ್ರಾಂನ ಒಂದು ಚಮಚ ತೊಕ್ಕಿನಲ್ಲಿ ಒಂದೂಕಾಲು ಗ್ರಾಂ ಉಪ್ಪು. ಬೆಳಿಗ್ಗೆ ಚಪಾತಿಗೆ ಎರಡು ಚಮಚ, ರಾತ್ರಿ ಮೊಸರನ್ನಕ್ಕೆ ಒಂದು ಚಮಚ ಹಾಕಿಕೊಂಡರೆ ದಿನದ ಪಾಲು ಹತ್ತಿರಹತ್ತಿರ ಮುಗಿದೇ ಹೋಯಿತು ಅಲ್ವಾ? ನಾನು ಈಗ ಹಾಕುವುದು 10 ಗ್ರಾಂ. ಒಂದು ಚಮಚ ತೊಕ್ಕಿಗೆ 0.4 ಗ್ರಾಂ ಕೂಡ ಆಗುವುದಿಲ್ಲ.

ಬೇಕಾದದ್ದು: ಚೆನ್ನಾಗಿ ಹಣ್ಣಾದ ಟೊಮೆಟೊ 1 ಕೆಜಿ, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಕಡಲೆಕಾಯಿ ಎಣ್ಣೆ 100 ಎಂಎಲ್, ಬ್ಯಾಡಗಿ ಮೆಣಸಿನ ಪುಡಿ 3 ಚಮಚ, ಮೆಂತ್ಯ ಅರ್ಧ ಟೀ ಚಮಚ, ಸಾಸಿವೆ ಎರಡು ಟೀ ಚಮಚ, ಇಂಗು, ಒಂದು ಸಣ್ಣ ತುಂಡು ಬೆಲ್ಲ, ಉಪ್ಪು 10 ಗ್ರಾಂ. ಟೊಮೆಟೊ ನಾಟಿಯದೇ ಆಗಲಿ. ಗಟ್ಟಿ ಸಿಪ್ಪೆಯ ಉದ್ದನೆಯ ಹೈಬ್ರಿಡ್ ಹಣ್ಣಿನಲ್ಲಿ ಹುಳಿ ಸಾಲದು. ಇಲ್ಲಿ ಹುಳಿಯೇ ಉಪ್ಪಿನ ಜಾಗ ತುಂಬಬೇಕು. ಮೆಣಸೂ ಬ್ಯಾಡಗಿಯೇ ಇರಲಿ, ಬಣ್ಣ ಜಾಸ್ತಿ ಖಾರ ಕಡಿಮೆ. ಗುಂಟೂರು ಮೆಣಸು ಹಾಕಿದರೆ ಖಾರ ತಡೆಯಲಾರದೆ ಮತ್ತೆ ಉಪ್ಪಿನ ಡಬ್ಬಕ್ಕೇ ಕೈ ಹೋಗುತ್ತದೆ.

ಮೆಂತ್ಯ ಮತ್ತು ಒಂದು ಟೀ ಚಮಚ ಸಾಸಿವೆಯನ್ನು ಎಣ್ಣೆ ಹಾಕದೆ ಹುರಿದು ಪುಡಿ ಮಾಡಿಕೊಳ್ಳಿ. ಉಳಿದ ಸಾಸಿವೆ ಒಗ್ಗರಣೆಗೆ. ಹಳೆ ಅಳತೆಯಲ್ಲಿ ಮೆಂತ್ಯ ಒಂದು ಚಮಚ ಇದ್ದರೆ ಈಗ ಅರ್ಧವೇ ಸಾಕು, ಕಹಿ ಮುಚ್ಚಲು ಉಪ್ಪಿಲ್ಲವಲ್ಲ. ಕೆಂಪಗಾಗುತ್ತಿದ್ದಂತೆ ಇಳಿಸಿಬಿಡಿ. ಕಪ್ಪಾದರೆ ಚೆಲ್ಲಿ ಹೊಸದಾಗಿ ಹುರಿಯಿರಿ, ಸುಮ್ನೆ ಹಾಕಬೇಡಿ.

ಈಗ ಎಲ್ಲರೂ ಎಡವುವ ಹಂತ, ಕುದಿಸಿ ಇಳಿಸುವುದು. ಅಗಲ ಬಾಯಿಯ ದಪ್ಪ ತಳದ ಬಾಣಲೆ ತೆಗೆದುಕೊಳ್ಳಿ. ಖಾಲಿ ಬಾಣಲೆಯನ್ನು ತೂಕ ಮಾಡಿ ಚೀಟಿಯಲ್ಲಿ ಬರೆದಿಡಿ. ಟೊಮೆಟೊ ಹೆಚ್ಚಿ, ಹುಣಸೆಹಣ್ಣು ಬಿಡಿಸಿ ಹಾಕಿ, ನೀರು ಹಾಕದೆ ಮಧ್ಯಮ ಉರಿಯಲ್ಲಿ ಬೇಯಿಸಿ. ಉಪ್ಪು ಈಗ ಬೇಡ. ನೀರು ಬೇಗ ಬಿಡಲಿ ಅಂತ ಮೊದಲೇ ಹಾಕುವ ಅಭ್ಯಾಸ ನಮ್ಮಲ್ಲಿದೆ. ಆಗ ಬಾಣಲೆ ತುಂಬ ಇರುತ್ತದೆ, ರುಚಿ ನೋಡಿದರೆ ಸಪ್ಪೆ ಅನ್ನಿಸುತ್ತದೆ, ಇನ್ನೊಂದಿಷ್ಟು ಹಾಕುತ್ತೀರಿ. ಆಮೇಲೆ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಣ್ಣು ಮೆತ್ತಗಾದ ಮೇಲೆ ಆರಿಸಿ, ಮಿಕ್ಸಿಗೆ ಹಾಕಿ, ಅರ್ಧ ಎಣ್ಣೆಯ ಜೊತೆ ಮತ್ತೆ ಬಾಣಲೆಗೆ ಸುರಿಯಿರಿ.

ಇಲ್ಲಿಂದ ಮುಕ್ಕಾಲು ಗಂಟೆಯಾದರೂ ಬೇಕು. ಮೊದಲು ಗೊಜ್ಜಿನ ಹಾಗೆ ಕುದಿಯುತ್ತದೆ. ಆಮೇಲೆ ಪಟಪಟ ಸಿಡಿಯಲು ಶುರು, ಕೈ ಸುಡುತ್ತದೆ, ಉದ್ದ ಹಿಡಿಯ ಸೌಟು ಹಿಡಿಯಿರಿ. ಮುಚ್ಚಳ ಪೂರ್ತಿ ಮುಚ್ಚಬೇಡಿ, ಆವಿ ಮತ್ತೆ ಒಳಗೇ ಬೀಳುತ್ತದೆ. ಸಿಡಿಯುವುದು ನಿಂತು ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾದಾಗ ಹೆಚ್ಚಿನವರು ಸ್ಟವ್ ಆರಿಸುತ್ತಾರೆ. ಉಪ್ಪು ಜಾಸ್ತಿ ಇದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಈಗ ನಡೆಯಲ್ಲ. ಉರಿ ಸಣ್ಣ ಮಾಡಿ ಇನ್ನೂ ಹತ್ತು ನಿಮಿಷ ಕೈ ಬಿಡದೆ ಕೆದಕಿ. ತಳ ಹಿಡಿಯುವುದೂ ಇದೇ ಹತ್ತು ನಿಮಿಷದಲ್ಲಿ, ಫೋನ್ ಬಂದರೆ ಆಮೇಲೆ ಮಾತಾಡಿ. ಸೌಟಿನಿಂದ ಮಧ್ಯೆ ಒಂದು ಗೆರೆ ಎಳೆದರೆ ತಳ ಕಾಣಬೇಕು, ಗೆರೆ ಕೂಡಿಕೊಳ್ಳಬಾರದು. ನಂಬಿಕೆ ಬರದಿದ್ದರೆ ಅರ್ಧ ಚಮಚ ತೊಕ್ಕನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು ಐದು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಕಂಡರೆ ಇನ್ನೂ ಆಗಿಲ್ಲ. ಎಣ್ಣೆಯ ಉಂಗುರ ಇದ್ದರೆ ಸರಿ.

ಮೆಣಸಿನ ಪುಡಿ, ಬೆಲ್ಲ, ಮೆಂತ್ಯ-ಸಾಸಿವೆ ಪುಡಿ ಹಾಕಿ ಎರಡು ನಿಮಿಷ ತಿರುವಿ. ಉಳಿದ ಎಣ್ಣೆಯಲ್ಲಿ ಸಾಸಿವೆ, ಇಂಗು ಒಗ್ಗರಣೆ ಕೊಟ್ಟು ಕಲಸಿ. ಬಾಣಲೆಯ ತೂಕ ಕಳೆದು 400 ಗ್ರಾಂ ಆಸುಪಾಸು ಬಂದರೆ ಇಳಿಸಿ. ಜಾಸ್ತಿ ಇದ್ದರೆ ಮತ್ತೆ ಒಲೆಗೆ.

ಇಳಿಸಿದ ಮೇಲೆ ಉಪ್ಪು. ತಕ್ಕಡಿಯಲ್ಲಿ ತೂಗಿ ಹಾಕಿ, ಕಣ್ಣಳತೆ ಬೇಡ. ಪುಡಿ ಉಪ್ಪಿನ ಚಮಚಕ್ಕಿಂತ ಕಲ್ಲುಪ್ಪಿನ ಚಮಚ ಹಗುರ, ಹರಳಿನ ನಡುವೆ ಸಂದು ಇರುತ್ತದೆ. ಬಿಸಿ ಇರುವಾಗ ರುಚಿ ನೋಡಿ ತೀರ್ಮಾನ ಮಾಡಬೇಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಸಪ್ಪೆ ಅನ್ನಿಸಿದರೆ ಮೊದಲು ನಿಂಬೆರಸ ಹಿಂಡಿ, ಉಪ್ಪಲ್ಲ. ಒಂದೇ ಸಲಕ್ಕೆ 35ರಿಂದ 10ಕ್ಕೆ ಇಳಿದರೆ ಮನೆಯವರು ಒಪ್ಪುವುದಿಲ್ಲ. ನಾನು 25, 18, 10 ಅಂತ ಮೂರು ಸಲಕ್ಕೆ ಇಳಿಸಿದೆ. ನಾಲಿಗೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಈಗ ಮದುವೆ ಮನೆ ಊಟದ ಉಪ್ಪಿನಕಾಯಿ ಅಪ್ಪನಿಗೇ ಉಪ್ಪುಪ್ಪು ಅನ್ನಿಸುತ್ತದೆ.

ಸೈಂಧವ ಲವಣ ಹಾಕಿದರೆ ಬಿಪಿಗೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಲಾಭ ಇಲ್ಲ. 'ಲೋ ಸೋಡಿಯಂ' ಉಪ್ಪಿನ ಪೊಟ್ಟಣ ಬೇರೆ ಸಂಗತಿ. ಅದರಲ್ಲಿ ಒಂದಿಷ್ಟು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಮನೆಗೆ ತರಬೇಡಿ. ಅಂಗಡಿಯ ಬಾಟಲಿ ಕೊಳ್ಳುವವರು ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಪಟ್ಟಿ ಓದಿ. ಅಲ್ಲಿ ಬರೆದಿರುವುದು ಸೋಡಿಯಂ, ಉಪ್ಪಲ್ಲ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ ಸೋಡಿಯಂ 1,600 ಮಿಲಿಗ್ರಾಂ ಅಂತ ಇದ್ದರೆ ಉಪ್ಪು 4 ಗ್ರಾಂ. ನಾನೊಮ್ಮೆ 'ಕಡಿಮೆ ಉಪ್ಪು' ಅಂತ ನಂಬಿ ತಂದ ಬಾಟಲಿ ಲೆಕ್ಕ ಹಾಕಿದಾಗ ಅದಕ್ಕಿಂತ ಜಾಸ್ತಿಯೇ ಇತ್ತು.

ಇಡುವುದು ಫ್ರಿಡ್ಜ್‌ನಲ್ಲೇ. ಇದರಲ್ಲಿ ರಾಜಿ ಇಲ್ಲ. ಮೇಲೆ ಎಣ್ಣೆ ನಿಂತಿದೆಯಲ್ಲ, ಕೆಡಲ್ಲ ಅನ್ನಬೇಡಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಆದರೆ ಗಾಳಿ ಇಲ್ಲದೆಯೇ ಬೆಳೆಯುವ ವಿಷಕಾರಿ ಬ್ಯಾಕ್ಟೀರಿಯಾ ಕೂಡ ಇವೆ. ಬೆಳ್ಳುಳ್ಳಿ ಹಾಕಿದ ತೊಕ್ಕನ್ನಂತೂ ಹೊರಗಿಡಲೇಬಾರದು. ಒಂದು ದೊಡ್ಡ ಜಾಡಿ ಬದಲು ನಾಲ್ಕು ಸಣ್ಣ ಗಾಜಿನ ಬಾಟಲಿಗೆ ತುಂಬಿ, ಒಂದು ಖಾಲಿಯಾದ ಮೇಲೆ ಇನ್ನೊಂದು ತೆರೆಯಿರಿ. ಚಮಚ ಒಣಗಿರಲಿ. ನಮ್ಮಲ್ಲಿ ಮೂರು ವಾರದ ಮೇಲೆ ಇಡುವುದಿಲ್ಲ. ಜಾಸ್ತಿ ದಿನ ಬೇಕಿದ್ದರೆ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ಗೆ ಹಾಕಿ, ದಿನಕ್ಕೊಂದು ತುಂಡು ಬಿಸಿ ಮಾಡಿಕೊಳ್ಳಿ.

ಮಿಡಿ ಉಪ್ಪಿನಕಾಯಿ, ರಂಜಕದ ಮೇಲೆ ಈ ಪ್ರಯೋಗ ಬೇಡ. ಅವು ಉಳಿಯುವುದೇ ಉಪ್ಪಿನಿಂದ. ಹಳೆ ಅಳತೆಯಲ್ಲೇ ಮಾಡಿ, ಕಡಿಮೆ ಬಡಿಸಿಕೊಳ್ಳಿ. ಶೇಂಗಾ ಚಟ್ನಿಪುಡಿಗೆ ತಲೆಬಿಸಿ ಇಲ್ಲ, ಒಣ ಪುಡಿ, ಉಪ್ಪು ಅರ್ಧ ಮಾಡಿ ಹುಣಸೆ ಸ್ವಲ್ಪ ಜಾಸ್ತಿ ಹಾಕಿದರಾಯಿತು. ಮಸಾಲೆ ದೋಸೆಗೆ ಸವರುವ ಕೆಂಪು ಚಟ್ನಿಗೆ ನಾನು ಉಪ್ಪೇ ಹಾಕುವುದಿಲ್ಲ. ಹಿಟ್ಟಿನಲ್ಲಿ ಇದೆ, ಪಲ್ಯದಲ್ಲಿ ಇದೆ, ಇದುವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.

ತೊಕ್ಕನ್ನು ಯಾರಿಗಾದರೂ ಕೊಡುವಾಗ ಬಾಟಲಿ ಮೇಲೆ ಮಾಡಿದ ತಾರೀಕು ಬರೆದು, ಪಕ್ಕದಲ್ಲಿ 'ಉಪ್ಪು ಕಡಿಮೆ, ಫ್ರಿಡ್ಜ್‌ನಲ್ಲಿಡಿ' ಅಂತ ಅಂಟಿಸಿ. ಬಾಯಲ್ಲಿ ಹೇಳಿದರೆ ಮರೆತು ಕಟ್ಟೆಯ ಮೇಲೇ ಇಡುತ್ತಾರೆ.