ತರಗತಿಯಲ್ಲಿ ಸಾಹಿತ್ಯ ಬಳಗ ನಡೆಸುವುದು ಹೇಗೆ?

ನಾಲ್ಕೈದು ಮಕ್ಕಳು ತಾವೇ ಆರಿಸಿಕೊಂಡ ಕಥೆಯನ್ನು ಓದಿ, ತಮ್ಮದೇ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮಾತಾಡುವುದೇ ಸಾಹಿತ್ಯ ಬಳಗ. ಪಾಠದ ಕೊನೆಯ ಅಭ್ಯಾಸವನ್ನು ಗುಂಪಿಗೆ ಹಂಚಿ ಉತ್ತರ ಬರೆಸಿದರೆ ಅದು ಬಳಗವಾಗುವುದಿಲ್ಲ. ಪ್ರಶ್ನೆ ಮಗುವಿನದೇ ಆಗಿರಬೇಕು. ಎಂಟನೇ ತರಗತಿ, 40 ಮಕ್ಕಳು, 40 ನಿಮಿಷದ ಪೀರಿಯಡ್ ಎಂದು ಇಟ್ಟುಕೊಂಡು ಇಲ್ಲಿನ ಲೆಕ್ಕ ಹಾಕಿದೆ.

ಕಥೆ ಆರಿಸುವುದು

ಶಾಲೆಯ ಕಪಾಟಿನಲ್ಲಿ ಒಂದೊಂದು ಪುಸ್ತಕದ ಒಂದೊಂದೇ ಪ್ರತಿ ಇರುವುದೇ ಹೆಚ್ಚು. ಹಾಗಾಗಿ ಕಾದಂಬರಿಯ ಆಸೆಯನ್ನು ಮೊದಲ ವರ್ಷ ಬಿಟ್ಟುಬಿಡಿ. 4ರಿಂದ 8 ಪುಟದ ಸಣ್ಣಕಥೆಗಳು ಐದಿದ್ದರೆ ಎಂಟು ಗುಂಪಿಗೆ ಸಾಕು, ಒಂದೇ ಕಥೆಯನ್ನು ಎರಡು ಗುಂಪು ಓದಿದರೆ ತೊಂದರೆಯಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಿ ಹಂಚಬಹುದು. ಚೆನ್ನಾಗಿ ಓದುವವರಿಗೆ ಅಲ್ಲಿನ ನಾಲ್ಕನೇ (ಓದಲು ಎಲ್ಲಕ್ಕಿಂತ ಕಷ್ಟದ) ಹಂತದ ಕಥೆಯೂ ಬೇಗ ಮುಗಿದುಹೋಗುತ್ತದೆ. ಅಂಥವರಿಗೆ ಯಾವುದಾದರೂ ಕಥಾಸಂಕಲನದಿಂದ ಒಂದನ್ನು ತೆಗೆದಿಡಿ.

ಕಥೆಗೆ ಒಂದೇ ಪರೀಕ್ಷೆ: ಅದನ್ನು ಓದಿದ ಇಬ್ಬರು ಮಕ್ಕಳು ಯಾವುದಾದರೂ ವಿಷಯಕ್ಕೆ ಜಗಳ ಆಡಬಹುದೇ? ನೀತಿಯನ್ನು ಕಥೆಯೇ ಕೊನೆಗೆ ಹೇಳಿಬಿಟ್ಟಿದ್ದರೆ ಮಕ್ಕಳು ಅದನ್ನೇ ಒಪ್ಪಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಪ್ರತಿ ಕಥೆಯ ಬಗ್ಗೆ ಎರಡು ನಿಮಿಷ ಮಾತಾಡಿ, ಕೊನೆ ಮಾತ್ರ ಬಿಟ್ಟುಕೊಡಬೇಡಿ. ಆಮೇಲೆ ಪ್ರತಿಯೊಬ್ಬರೂ ಚೀಟಿಯಲ್ಲಿ ತಮಗೆ ಬೇಕಾದ ಮೂರು ಕಥೆಗಳನ್ನು ಕ್ರಮವಾಗಿ ಬರೆಯಲಿ. ಗುಂಪು ಮಾಡುವಾಗ ಈ ಚೀಟಿ ನೋಡಿ, ಅಂಕಪಟ್ಟಿ ನೋಡಬೇಡಿ. ಗುಂಪಿಗೆ ಐವರು ಸರಿ. ಆರಾದರೆ ಇಬ್ಬರು ಸುಮ್ಮನಾಗುತ್ತಾರೆ. ಮೂವರಿದ್ದು ಒಬ್ಬರು ರಜೆ ಹಾಕಿದರೆ ಗುಂಪೇ ಇಲ್ಲ. ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಕೂರಿಸಬೇಡಿ, ಕನಿಷ್ಠ ಇಬ್ಬರಿರಲಿ. ತಡವರಿಸಿ ಓದುವ ಮಗುವಿಗೂ ಕಥೆ ಆರಿಸುವ ಹಕ್ಕು ಇರಲಿ. ಪಕ್ಕದವರು ಓದಿ ಹೇಳಬಹುದು, ಅಥವಾ ನೀವೇ ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿ ಕೇಳಿಸಬಹುದು.

ಮೊದಲು ಮಾಡಿ ತೋರಿಸಿ

ಸರಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಗುಂಪಾಗಿ ಕೂತು ಕಲಿತ ಮಕ್ಕಳು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ (ನಾವೇ ಮರೆಸಿರುತ್ತೇವೆ). ಆದ್ದರಿಂದ ಒಂದು ಪೀರಿಯಡ್ಡನ್ನು ಪೂರ್ತಿ ಇದಕ್ಕೇ ಇಡಿ. ಐವರನ್ನು ನಡುವೆ ಕೂರಿಸಿ, ಉಳಿದವರು ಸುತ್ತ ನಿಂತು ನೋಡಲಿ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಪುಣ್ಯಕೋಟಿಯ ಕಥೆಯೇ ಒಳ್ಳೆಯದು.

"ಗೊಲ್ಲನ ಹೆಸರೇನು?" ಎಂದು ಒಬ್ಬರು ಕೇಳುತ್ತಾರೆ. "ಕಾಳಿಂಗ." ಮುಂದೆ ಯಾರಿಗೂ ಮಾತಿಲ್ಲ. ಈಗ "ಹುಲಿ ಸಾಯಲೇಬೇಕಿತ್ತಾ?" ಎಂದು ಕೇಳಿಸಿ. ಹಸಿದ ಹುಲಿ ಹಸುವನ್ನು ತಿಂದರೆ ತಪ್ಪೇನು ಎಂದು ಒಬ್ಬ, ಹೇಳಿದಂತೆ ವಾಪಸ್ ಬಂದವಳನ್ನು ಹೇಗೆ ತಿನ್ನುವುದು ಎಂದು ಇನ್ನೊಬ್ಬಳು, ತಿನ್ನದೆ ಬಿಟ್ಟರೆ ಸಾಕಿತ್ತು, ಪ್ರಾಣ ಯಾಕೆ ಬಿಡಬೇಕಿತ್ತು ಎಂದು ಮತ್ತೊಬ್ಬ. ಎರಡು ಪ್ರಶ್ನೆಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಯಾವುದರಿಂದ ಮಾತು ಬೆಳೆಯಿತು, ಯಾಕೆ ಎಂದು ಮಕ್ಕಳಿಂದಲೇ ಹೇಳಿಸಿ. ಪ್ರಶ್ನೆ ಹೀಗಿರಬೇಕು ಎಂದು ಅರ್ಧ ಗಂಟೆ ಭಾಷಣ ಮಾಡುವುದಕ್ಕಿಂತ ಇದು ಹೆಚ್ಚು ನಾಟುತ್ತದೆ.

ಹೊಣೆಯ ಹಾಳೆ ಮತ್ತು ಅದರ ಅಪಾಯ

ಮೊದಲ ಎರಡು ಸುತ್ತಿಗೆ (ಒಂದು ಕಥೆ ಮುಗಿದರೆ ಒಂದು ಸುತ್ತು) ಪ್ರತಿಯೊಬ್ಬರಿಗೂ ಒಂದೊಂದು ಹೊಣೆ ಕೊಡಿ, ಅದನ್ನು ಒಂದು ಹಾಳೆಯಲ್ಲಿ ಮಾಡಿಕೊಂಡು ಬರಲಿ. ಒಬ್ಬರು ಮೂರು ಪ್ರಶ್ನೆ ತರಬೇಕು, ಒಬ್ಬರು ಗಟ್ಟಿಯಾಗಿ ಓದಲು ಎರಡು ಜಾಗ ಗುರುತಿಸಬೇಕು, ಒಬ್ಬರು ಅರ್ಥವಾಗದ ಅಥವಾ ಇಷ್ಟವಾದ ನಾಲ್ಕು ಪದ ಬರೆಯಬೇಕು, ಒಬ್ಬರು ಕಥೆಯನ್ನು ತಮ್ಮ ಮನೆ, ಊರಿನ ಸಂಗತಿಗೆ ಜೋಡಿಸಬೇಕು, ಒಬ್ಬರು ಚಿತ್ರ ಬಿಡಿಸಬೇಕು. ಪ್ರತಿ ಸಭೆಗೆ ಹೊಣೆ ಬದಲಾಗಲಿ, ಇಲ್ಲದಿದ್ದರೆ ಚೆನ್ನಾಗಿ ಚಿತ್ರ ಬರೆಯುವವನು ವರ್ಷವಿಡೀ ಚಿತ್ರವನ್ನೇ ಬರೆಯುತ್ತಾನೆ.

ಇಲ್ಲೇ ಹೆಚ್ಚಿನ ಬಳಗಗಳು ಕೆಡುವುದು. ಒಬ್ಬೊಬ್ಬರಾಗಿ ಹಾಳೆ ಓದುತ್ತಾರೆ, ಉಳಿದವರು ತಮ್ಮ ಸರದಿ ಕಾಯುತ್ತಾರೆ, ಎಂಟು ನಿಮಿಷಕ್ಕೆ "ಮುಗೀತು ಸಾರ್". ಹಾಳೆ ಹೋಂವರ್ಕ್ ಒಪ್ಪಿಸುವ ಕಾಗದವಾಯಿತು, ಅಷ್ಟೆ. ಈ ಪದ್ಧತಿಯ ಮೇಲೆ 1994ರಲ್ಲಿ ಪುಸ್ತಕ ಬರೆದ ಅಮೆರಿಕದ ಹಾರ್ವಿ ಡೇನಿಯಲ್ಸ್ ಕೂಡ ಮುಂದೆ ಇದೇ ಎಚ್ಚರಿಕೆ ಕೊಟ್ಟರು: ಹಾಳೆ ಆರಂಭದ ಊರುಗೋಲು ಮಾತ್ರ, ಬೇಗ ಬಿಡಿಸಬೇಕು. ಮಾತು ಶುರುವಾದ ಕೂಡಲೇ ಹಾಳೆಗಳನ್ನು ಮಗುಚಿಡಿಸಿ; ಮಾತು ನಿಂತರೆ ಮಾತ್ರ ತಿರುಗಿಸಿ ನೋಡಲಿ. ಮೂರನೇ ಸುತ್ತಿನಿಂದ ಹಾಳೆ ತೆಗೆದುಹಾಕಿ. ಓದುವಾಗ ಬೆರಳಗಲದ ಕಾಗದದ ಚೂರುಗಳನ್ನು ಪುಟದ ನಡುವೆ ಇಟ್ಟು, ಅದರ ಮೇಲೆ ನಾಲ್ಕು ಪದ ಗೀಚಿದರೆ ಸಾಕು.

ಒಂದು ಪೀರಿಯಡ್ಡು

ಕಥೆಯನ್ನು ಮೂರು ಭಾಗ ಮಾಡಿ, ವಾರಕ್ಕೊಂದು ಭಾಗ. ವಾರದಲ್ಲಿ ಒಂದು ಪೀರಿಯಡ್ಡು ಓದಿಗೆ, ಒಂದು ಮಾತಿಗೆ. ಮನೆಯಲ್ಲಿ ಓದಿಕೊಂಡು ಬನ್ನಿ ಎಂದರೆ ಅರ್ಧ ತರಗತಿ ಓದಿರುವುದಿಲ್ಲ. ಸೋಮಾರಿತನವೇ ಎಂದುಕೊಳ್ಳಬೇಡಿ, ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೆಲಸವಿರುತ್ತದೆ.

ಬೆಂಚುಗಳನ್ನು ಎಳೆದಾಡಿ ಹೊತ್ತು ಕಳೆಯಬೇಡಿ. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಗುಂಪು ಆಯಿತು. ಎರಡು ಮೂರು ಗುಂಪನ್ನು ಜಗುಲಿಗೆ ಕಳಿಸಿದರೆ ಗದ್ದಲ ಎಷ್ಟೋ ತಗ್ಗುತ್ತದೆ. ಮೊದಲ 5 ನಿಮಿಷ ಪುಟ ತಿರುವಿ ನೆನಪು ಮಾಡಿಕೊಳ್ಳಲು, 20 ನಿಮಿಷ ಮಾತು, 5 ನಿಮಿಷ "ಇವತ್ತು ನನ್ನ ಅಭಿಪ್ರಾಯ ಎಲ್ಲಿ ಬದಲಾಯಿತು" ಎಂದು ಬರೆಯಲು, ಉಳಿದ 10 ನಿಮಿಷ ಗುಂಪುಗಳು ತರಗತಿಗೆ ಒಂದೊಂದು ಪ್ರಶ್ನೆ ಹೇಳಲು. ಮೊದಲ ಸಭೆಯಲ್ಲಿ ಮಾತಿಗೆ 10 ನಿಮಿಷ ಸಾಕು.

ಒಬ್ಬರೇ ಮಾತಾಡುತ್ತಿದ್ದರೆ ಎಲ್ಲರಿಗೂ ಮೂರು ಮೂರು ಹುಣಸೆಬೀಜ ಕೊಡಿ. ಮಾತಾಡಿದಾಗೊಮ್ಮೆ ಒಂದು ಬೀಜ ನಡುವೆ ಇಡಬೇಕು. ಮೂರೂ ಮುಗಿದವರು ಉಳಿದವರ ಬೀಜ ಮುಗಿಯುವವರೆಗೆ ಕಾಯಬೇಕು. ಎರಡು ಸಭೆಗೆ ಮಾತ್ರ ಇದು. ಆಮೇಲೆ ಬೀಜ ಖಾಲಿ ಮಾಡುವುದೇ ಆಟವಾಗಿಬಿಡುತ್ತದೆ. ಮಾತು ತುಳುವಿನಲ್ಲೋ ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೊರಳಿದರೆ ತಡೆಯಬೇಡಿ. ಬರೆಯುವಾಗ ಕನ್ನಡಕ್ಕೆ ಬಂದರಾಯಿತು.

ನೀವು ಗುಂಪಿನಲ್ಲಿ ಕೂತ ಕೂಡಲೇ ಮಕ್ಕಳು ನಿಮ್ಮ ಮುಖ ನೋಡಿ ಮಾತಾಡಲು ಶುರುಮಾಡುತ್ತಾರೆ. ತಲೆ ತಗ್ಗಿಸಿ ಬರೆದುಕೊಳ್ಳುತ್ತಿರಿ. ಸರಿ ಉತ್ತರಕ್ಕೆ ತಲೆಯಾಡಿಸುವ ಅಭ್ಯಾಸ ಬಿಡಿ. ಒಂದು ಸಭೆಗೆ ನಾಲ್ಕು ಗುಂಪು ನೋಡಿದರೆ ಸಾಕು. ಮೌನ ಬಿದ್ದಾಗ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೂ ಯಾರೂ ಮಾತಾಡದಿದ್ದರೆ "ಕಥೆಯಲ್ಲಿ ಎಲ್ಲಿದೆ, ತೋರಿಸಿ" ಎಂದಷ್ಟೇ ಹೇಳಿ.

ಓದದೆ ಬಂದವರನ್ನು ಹೊರಗೆ ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತು ಓದಲಿ, ಓದಿದಷ್ಟರ ಮೇಲೆ ಕೊನೆಯ ಐದು ನಿಮಿಷ ಗುಂಪು ಸೇರಲಿ.

ಇದನ್ನು ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸುವುದಾದರೆ ಮೂರು ಅಂಶಕ್ಕೆ ಮಾತ್ರ ಅಂಕ ಕೊಡಿ: ಗುರುತು ಹಾಕಿಕೊಂಡು ಬಂದಿದ್ದಾರೆಯೇ, ಪುಟ ತೋರಿಸಿ ಮಾತಾಡಿದರೇ, ಇನ್ನೊಬ್ಬರ ಮಾತಿಗೆ ಉತ್ತರ ಕೊಟ್ಟರೇ. ಎಷ್ಟು ಸಲ ಬಾಯಿ ತೆರೆದರು ಎಂದು ಎಣಿಸಿ ಅಂಕ ಕೊಟ್ಟರೆ ಮುಂದಿನ ವಾರ ಎಲ್ಲರೂ ಒಟ್ಟಿಗೇ ಕೂಗುತ್ತಾರೆ.