ಹಬ್ಬದ ರಾತ್ರಿ ಡ್ಯೂಟಿ, ಭಾನುವಾರ ಮ್ಯಾಚ್

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುವಾಗಲೂ, ಆಮೇಲೆ ಎಲುಬು-ಕೀಲಿನ ವಿಭಾಗದಲ್ಲಿ ಪಿಜಿ ಮಾಡುವಾಗಲೂ ನಾನು ಧಾರವಾಡ ವಲಯದ ಕ್ರಿಕೆಟ್ ಲೀಗ್‌ನಲ್ಲಿ ಎಡಗೈ ಸ್ಪಿನ್ ಹಾಕುತ್ತಿದ್ದೆ. "ಎರಡೂ ಹೆಂಗ ಸಂಭಾಳಿಸಿದ್ರಿ ಸರ್?" ಅಂತ ಈಗಿನ ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಮಾಡಿದ್ದು ಮುಖ್ಯವಾಗಿ ಡ್ಯೂಟಿ ಬದಲಿ. ಗಣೇಶ ಹಬ್ಬದ ಹನ್ನೊಂದನೇ ದಿನ ಹುಬ್ಬಳ್ಳಿಯ ಮೆರವಣಿಗೆ ಬೆಳತನಕ ನಡೆಯುತ್ತದೆ. ಆ ರಾತ್ರಿಯ ಕ್ಯಾಜುವಲ್ಟಿ ಯಾರಿಗೂ ಬೇಡ. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ದೀಪಾವಳಿಯದೂ ಅಷ್ಟೇ. ಮಳೆಗಾಲ ಕಳೆದು ಲೀಗ್ ಶುರುವಾದಾಗ ಗೆಳೆಯರು ನನ್ನ ಭಾನುವಾರಗಳನ್ನು ತಾವು ವಹಿಸಿಕೊಂಡು ಆ ಋಣ ತೀರಿಸುತ್ತಿದ್ದರು.

ಹಾಜರಿಯಲ್ಲಿ ಮಾತ್ರ ಬದಲಿ ನಡೆಯುವುದಿಲ್ಲ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಇರಲೇಬೇಕು. ಹಾಗಾಗಿ ಪ್ರಾಕ್ಟೀಸ್ ಎಲ್ಲ ನಸುಕಿನಲ್ಲೇ, ವಾರ್ಡ್ ರೌಂಡ್ಸ್‌ಗೆ ಮೊದಲು. ಸ್ಪಿನ್ನರ್‌ಗೆ ಒಂದು ಸ್ಟಂಪ್, ನಾಲ್ಕಾರು ಹಳೇ ಬಾಲ್ ಇದ್ದರೆ ಸಾಕು, ಬ್ಯಾಟ್ಸ್‌ಮನ್ ಬೇಕೆಂದಿಲ್ಲ. ಬೇಸರವಾದಾಗ ಭಾರತ ತಂಡಕ್ಕೆ ಆಡಿದ ಗದಗದ ಎಡಗೈ ಸ್ಪಿನ್ನರ್ ಸುನೀಲ ಜೋಶಿಯವರನ್ನು ನೆನೆಯುತ್ತಿದ್ದೆ. ಅವರು ಶಾಲೆಯ ದಿನಗಳಲ್ಲಿ ಬೆಳಗ್ಗೆ ಗದಗದಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮುಗಿಸಿ, ಮತ್ತೆ ಶಾಲೆಯ ಹೊತ್ತಿಗೆ ಊರು ಸೇರುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತ ಕೈ ಅದು.

ನೈಟ್ ಡ್ಯೂಟಿ ಮುಗಿಸಿ ಆಡಲೇಬೇಕಾದ ದಿನ, "ನನ್ನ ಕಡೀಗೆ ಇಳಸ್ರಿ" ಅಂತ ಕ್ಯಾಪ್ಟನ್‌ಗೆ ಮೊದಲೇ ಹೇಳುತ್ತಿದ್ದೆ. ನಿದ್ದೆಗೆಟ್ಟ ಕಣ್ಣಿಗೆ ವೇಗದ ಬಾಲ್ ತಡವಾಗಿ ಕಾಣುತ್ತದೆ. ಬ್ಯಾಟ್ಸ್‌ಮನ್ ಹಿಂದೆ ಕ್ಯಾಚ್‌ಗೆ ಕಾಯುವ ಸ್ಲಿಪ್‌ನಲ್ಲಿ ನಿಲ್ಲುವುದನ್ನೂ ಪಿಜಿ ಸೇರಿದ ಮೇಲೆ ಬಿಟ್ಟೆ. ನನಗೆ ಅದು ಬಹಳ ಇಷ್ಟದ ಜಾಗ. ಆದರೆ ಸೋಮವಾರ ಆಪರೇಷನ್‌ನಲ್ಲಿ ಎಲುಬಿನ ಡ್ರಿಲ್ ಹಿಡಿಯಬೇಕಾದ ಬೆರಳುಗಳವು.

ಬೆರಳಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಕ್ಯಾಚ್ ಹಿಡಿಯಲು ಹೋಗಿ ಬಾಲ್ ಬೆರಳ ತುದಿಗೆ ಬಡಿದರೆ ನಮ್ಮ ಮೈದಾನಗಳಲ್ಲಿ ಯಾರಾದರೂ ಓಡಿಬಂದು ಎಳೆಯುತ್ತಾರೆ. ಎಳೆಯಬೇಡಿ. ತುದಿ ಬಾಗಿ, ತಾನಾಗಿ ನೆಟ್ಟಗಾಗದಿದ್ದರೆ ಅದನ್ನು ಎತ್ತುವ ಸ್ನಾಯುರಜ್ಜು ಹರಿದಿರಬಹುದು, ಇಲ್ಲವೇ ಎಲುಬಿನ ಚೂರನ್ನೇ ಕಿತ್ತುಕೊಂಡಿರಬಹುದು. ಎಕ್ಸ್‌ರೇ ಆಗಬೇಕು. ಹೆಚ್ಚಿನವು ಬೆರಳನ್ನು ನೆಟ್ಟಗಿಡುವ ಪಟ್ಟಿಯಲ್ಲೇ (ಸ್ಪ್ಲಿಂಟ್) ವಾಸಿಯಾಗುತ್ತವೆ, ಆದರೆ ಆರರಿಂದ ಎಂಟು ವಾರ ಹಗಲೂ ರಾತ್ರಿ ತುದಿ ನೆಟ್ಟಗಿರಬೇಕು. ನಡುವೆ ಒಮ್ಮೆ ಬಾಗಿಸಿದರೂ ಲೆಕ್ಕ ಮೊದಲಿನಿಂದ.

ವೇಗದ ಬೌಲಿಂಗ್ ಮಾಡುವ ಹುಡುಗರ ನಡುನೋವು ಇನ್ನೂ ಗಂಭೀರ. ಬಲಗೈಯವನಿಗೆ ಹೆಚ್ಚಾಗಿ ಸೊಂಟದ ಎಡಬದಿ, ಹಿಂದಕ್ಕೆ ಬಾಗಿದಾಗ ಚುಚ್ಚಿದಂತೆ ನೋವು ಬಂದರೆ, ಬೆನ್ನೆಲುಬಿನಲ್ಲಿ ಒತ್ತಡದ ಸೀಳು ಬಿಟ್ಟಿರುವ ಸಂಭವವಿದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಎಂಆರ್‌ಐ ಬೇಕು, ಆಮೇಲೆ ತಿಂಗಳುಗಟ್ಟಲೆ ಬೌಲಿಂಗ್ ಬಿಡಬೇಕು. ಮುಲಾಮು ತಿಕ್ಕಿ ಮುಂದಿನ ಭಾನುವಾರ ಆಡಿಸುವುದರಿಂದ ಹುಡುಗನ ಆಟವೇ ನಿಲ್ಲುತ್ತದೆ. ಈಗ ಓಪಿಡಿಗೆ ಅಂಥ ಹುಡುಗ ಬಂದರೆ ನಾನು ಮೊದಲು ಕೇಳುವುದು ಎರಡೇ: ಬೌಲಿಂಗ್ ಯಾವ ಕೈ, ವಾರಕ್ಕೆ ಎಷ್ಟು ಓವರ್. ನೆಟ್ಸ್‌ನಲ್ಲಿ ಹಾಕಿದ್ದನ್ನೂ ಸೇರಿಸಿ ಹೇಳು ಅನ್ನುತ್ತೇನೆ.