ಹಳೇ ಜೀಪಿಗೆ ಮುಂದೆ ಡಿಸ್ಕ್ ಬ್ರೇಕ್: ಕೆಲಸ ಇರೋದು ಪೆಡಲ್ ಕಡೆ

ಮಳೆಗಾಲದಲ್ಲಿ ಹಳ್ಳ ದಾಟಿ ಆಚೆ ದಡ ಹತ್ತಿ ಬ್ರೇಕ್ ಒತ್ತಿದರೆ, ಜೀಪು ಕೇಳಿಸಿಕೊಳ್ಳದೇ ಸುಮ್ನೆ ಮುಂದೆ ಹೋಗುತ್ತದೆ. ಮಲೆನಾಡಿನಲ್ಲಿ ಹಳೇ ಜೀಪು ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಇವುಗಳದ್ದು ಡ್ರಮ್ ಬ್ರೇಕ್, ಚಕ್ರದ ಜೊತೆ ತಿರುಗುವ ಮುಚ್ಚಿದ ಡಬ್ಬಿಗೆ ಒಳಗಿನಿಂದ ಶೂ ಒತ್ತುವಂಥದ್ದು. ಆ ಡ್ರಮ್ಮಿನೊಳಗೆ ಹೊಕ್ಕ ನೀರು, ಕೆಸರು ಬೇಗ ಹೊರಗೆ ಬರುವುದಿಲ್ಲ. ಡಿಸ್ಕ್ ಅಂದರೆ ಎರಡೂ ಕಡೆಯಿಂದ ಪ್ಯಾಡ್ ಹಿಡಿಯುವ ತಟ್ಟೆ, ಅದು ಬಯಲಲ್ಲಿರುತ್ತದೆ, ನಾಲ್ಕು ಸುತ್ತು ತಿರುಗುವಷ್ಟರಲ್ಲಿ ನೀರು ಎರಚಿ ಹೋಗಿರುತ್ತದೆ.

ನಾನು ಹೇಳುತ್ತಿರುವುದು ಮಹೀಂದ್ರ ಸಿಜೆ 3ಬಿ ತರದ, ವಿಲ್ಲೀಸ್ ಜಾತಿಯ ಜೀಪಿನ ಬಗ್ಗೆ. ಬ್ರೇಕ್ ಪೆಡಲ್ ನೆಲದಿಂದ ಮೇಲೆ ಬರುವಂಥದ್ದು. ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾಯಿಸುವ ವಿಷಯದಲ್ಲಿ ಬಿಗಿಯಾಗಿಯೇ ಇದೆ.

ಬಿಚ್ಚುವ ಕೆಲಸ ದೊಡ್ಡದಲ್ಲ. ಕೆಲವು ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ಥ್ರೆಡ್ಡಿನದು, ಗೊತ್ತಿಲ್ಲದೆ ಪೈಪ್ ಹಾಕಿ ಎಳೆದರೆ ಸ್ಟಡ್ ಮುರಿಯುತ್ತದೆ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್ಮಿನ ಹಿಂದಿನ ತಟ್ಟೆ ಮತ್ತು ಚಕ್ರದ ಹಬ್ ತಿರುಗುವ ಸ್ಪಿಂಡಲ್ ಎರಡನ್ನೂ ಹಿಡಿದಿರುವುದು ಒಂದೇ 6 ಬೋಲ್ಟು. ಆ ತಟ್ಟೆಯ ಜಾಗಕ್ಕೇ, ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿನ ಬ್ರಾಕೆಟ್ ಬರುತ್ತದೆ. ಬ್ರಾಕೆಟ್ ದಪ್ಪ ಜಾಸ್ತಿಯಾದರೆ ಜೋಡಣೆಯ ಅಳತೆ ಬದಲಾಗುತ್ತದೆ, ಹಾಗಾಗಿ ಹಳೇ ತಟ್ಟೆಯ ದಪ್ಪ ಮೊದಲೇ ಅಳೆದಿಟ್ಟುಕೊಳ್ಳಿ. ಬ್ರಾಕೆಟ್ ಒಂದೇ ಪ್ಲೇಟಿನಲ್ಲಿ ಕತ್ತರಿಸಿದ್ದಿರಲಿ. ತುಂಡು ತುಂಡು ವೆಲ್ಡ್ ಮಾಡಿದ್ದನ್ನು ನಾನಂತೂ ಹಾಕುವುದಿಲ್ಲ.

ಡಿಸ್ಕಿಗೆ ಒಂದು ಅನುಕೂಲ ಇದೆ. ಈ ಜೀಪಿನ ಚಕ್ರ 5 ಸ್ಟಡ್ಡಿನದು, ಸ್ಟಡ್ ವೃತ್ತ 5.5 ಇಂಚು, ಅಂದರೆ 139.7 ಮಿ.ಮೀ. ಮಾರುತಿ ಜಿಪ್ಸಿಯದೂ ಇದೇ ಅಳತೆ, ಅದರ ಮುಂದಿನ ಡಿಸ್ಕ್ ಸ್ಟಡ್ಡಿಗೆ ಹೊಂದುತ್ತದೆ. ಆದರೆ ಮಧ್ಯದ ತೂತು ನಿಮ್ಮ ಹಬ್ಬಿಗೆ ಕೂರುತ್ತದೆ ಅಂತ ನಂಬಬೇಡಿ, ಹಬ್ ಹಿಡಿದುಕೊಂಡೇ ಲೇತಿನವರ ಹತ್ತಿರ ಹೋಗಿ. ಗುಜರಿಯಿಂದ ತಂದ ಡಿಸ್ಕ್ ಆದರೆ ಅದರ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತದೆ, ಅಳೆದು ನೋಡಿ. ಕ್ಯಾಲಿಪರ್ ಕೂರಿಸಿದ ಮೇಲೆ ಖಾಲಿ ರಿಮ್ ಹಾಕಿ ಕೈಯಲ್ಲಿ ತಿರುಗಿಸಿ, ಎಲ್ಲಾದರೂ ತಾಗಿದರೆ ಈಗಲೇ ಗೊತ್ತಾಗಲಿ.

ಇಲ್ಲಿಗೆ ಎಲ್ಲರೂ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಅರ್ಧವೂ ಆಗಿಲ್ಲ. ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನ ಕಡೆ ಎಳೆದುಕೊಂಡು ಅರ್ಧ ಕೆಲಸ ಮಾಡಿಕೊಡುತ್ತದೆ. ಡಿಸ್ಕಿನಲ್ಲಿ ಆ ಪುಕ್ಕಟೆ ಸಹಾಯ ಇಲ್ಲ, ಎಲ್ಲ ಒತ್ತಡವೂ ನಿಮ್ಮ ಕಾಲಿನಿಂದಲೇ ಬರಬೇಕು, ಜೊತೆಗೆ ಕ್ಯಾಲಿಪರಿನ ದೊಡ್ಡ ಪಿಸ್ಟನ್ ತಳ್ಳಲು ಬ್ರೇಕ್ ಆಯಿಲ್ಲೂ ಜಾಸ್ತಿ ಬೇಕು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಚಿಕ್ಕದಾದರೆ ಒತ್ತಡ ಏರುತ್ತದೆ, ಆದರೆ ಪೆಡಲ್ ಕೆಳಗೆ ಇಳಿಯುತ್ತದೆ. 1 ಇಂಚಿನ ಬದಲು ಮುಕ್ಕಾಲು ಇಂಚು ಹಾಕಿದರೆ ಅದೇ ಕಾಲಿಗೆ ಸುಮಾರು 1.8 ಪಟ್ಟು ಒತ್ತಡ, ಪೆಡಲ್ ಓಡಾಟವೂ ಅಷ್ಟೇ ಪಟ್ಟು. ನಡುವೆ ಎಲ್ಲೋ ಒಪ್ಪಂದ ಆಗಬೇಕು, ಇಲ್ಲವೇ ಕಾಲಿನ ಬಲಕ್ಕೆ ಬಲ ಸೇರಿಸುವ ಬೂಸ್ಟರ್ ಹಾಕಬೇಕು. ಹೇಗೂ ಬಿಚ್ಚಿದ್ದೀರಲ್ಲ, ಮುಂದಕ್ಕೆ ಹಿಂದಕ್ಕೆ ಬೇರೆ ಬೇರೆ ಲೈನ್ ಇರುವ ಎರಡು ಕೋಣೆಯ ಮಾಸ್ಟರ್ ಸಿಲಿಂಡರನ್ನೇ ಹಾಕಿಬಿಡಿ. ಹಳೇದರಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ!

ಇನ್ನೊಂದು ಸಣ್ಣ ವಿಷಯ, ತುಂಬ ಜನ ಬಿಟ್ಟುಬಿಡುತ್ತಾರೆ. ಈ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ನೆಲದ ತಗಡಿನ ಕೆಳಗಿದೆ. ಅದು ಕ್ಯಾಲಿಪರಿಗಿಂತ ಕೆಳಗಿದ್ದರೆ ಆಯಿಲ್ ವಾಪಸ್ ಹರಿದು, ಮೊದಲ ಸಲ ಒತ್ತಿದಾಗ ಪೆಡಲ್ ನೆಲ ಮುಟ್ಟುತ್ತದೆ. ಮುಂದಿನ ಲೈನಿಗೆ, ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ 2 ಪಿಎಸ್‌ಐ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ರೆಸಿಡ್ಯುಯಲ್ ವಾಲ್ವ್ ಹಾಕಿದರೆ ಇದು ನಿಲ್ಲುತ್ತದೆ. ಡ್ರಮ್ಮಿನದು 10 ಪಿಎಸ್‌ಐ, ಅದನ್ನೇ ಡಿಸ್ಕಿಗೂ ಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ.

ಪೈಪಿನ ನಟ್‌ಗಳನ್ನು ಕಣ್ಣಳತೆಯಲ್ಲಿ ಸೇರಿಸಬೇಡಿ. ಹಳೇದು 3/8 ಇಂಚು 24 ಥ್ರೆಡ್, ಹೊಸ ಸಾಮಾನು ಮಿಲಿಮೀಟರ್ ಲೆಕ್ಕದ ಎಂ10x1 ಇದ್ದರೆ ಒಂದರೊಳಗೊಂದು ಸಡಿಲವಾಗಿ ಹತ್ತಿಬಿಡುತ್ತದೆ, ಸರಿ ಕೂತಿದೆ ಅನ್ನಿಸುತ್ತದೆ, ಜೋರಾಗಿ ಒತ್ತಿದ ದಿನ ಕಿತ್ತು ಬರುತ್ತದೆ. ರಬ್ಬರ್ ಹೋಸ್ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೇತಾಡಿಸಿ, ಬಿಗಿಯುತ್ತದೆಯೋ ನೋಡಿ. ತಾಮ್ರದ ವಾಷರ್ ಪ್ರತಿ ಸಲ ಹೊಸದು.

ಲೈನಿನೊಳಗೆ ಸೇರಿದ ಏರ್ ತೆಗೆಯುವಾಗ ನಾನು ಇಡೀ ಒಂದು ಮಧ್ಯಾಹ್ನ ಹಾಳುಮಾಡಿಕೊಂಡೆ. ಎಷ್ಟು ಪಂಪ್ ಹೊಡೆದರೂ ಪೆಡಲ್ ಸ್ಪಂಜಿನ ಹಾಗೆ. ಕೊನೆಗೆ ನೋಡಿದರೆ ಎಡದ ಕ್ಯಾಲಿಪರ್ ಬಲಕ್ಕೆ ಹಾಕಿದ್ದೆ, ಏರ್ ಬಿಡುವ ತಿರುಪು, ಅಂದರೆ ಬ್ಲೀಡರ್, ಕೆಳಗಿತ್ತು. ಗಾಳಿ ಮೇಲೆಯೇ ಉಳಿಯುತ್ತದೆ ಅಲ್ವಾ, ಕೆಳಗಿನ ತೂತಿನಿಂದ ಹೇಗೆ ಬರಬೇಕು? ಬ್ಲೀಡರ್ ಯಾವಾಗಲೂ ಮೇಲಿರಬೇಕು.

ಮೊದಲ ಓಟ ಖಾಲಿ ರಸ್ತೆಯಲ್ಲಿ. 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ತಣಿಯಲು ಬಿಟ್ಟು ಎಂಟು ಹತ್ತು ಸಲ ಮಾಡಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಜೋರಾಗಿ ಒತ್ತಿ ನೋಡಿ. ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಜೀಪು ಬಾಲ ತಿರುಗಿಸಿದರೆ ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಬೇಕು, ಅದು ಹಾಕುವ ತನಕ ಘಾಟಿಗೆ ಇಳಿಸಬೇಡಿ.